ಅಂಗೈಗೆ ಬಂದ ದೊಡ್ಡದು: ಇಷ್ಟಲಿಂಗ ಪೂಜೆಗೆ ದಿನದಲ್ಲಿ ಜಾಗ ಮಾಡುವುದು ಹೇಗೆ?

ಪ್ರಶ್ನೆ: ನನ್ನ ತವರು ಹಾವೇರಿ ಕಡೆ. ಹುಟ್ಟಿದಾಗಲೇ ಮೈಮೇಲೆ ಧರಿಸುವ ಇಷ್ಟಲಿಂಗ ಕಟ್ಟಿದ್ದರು, ಹತ್ತನೇ ವಯಸ್ಸಿಗೆ ಮಠದಲ್ಲಿ ದೀಕ್ಷೆಯೂ ಆಯಿತು. ಕಾಲೇಜಿಗೆಂದು ಊರು ಬಿಟ್ಟ ಮೇಲೆ ಪೂಜೆ ತಪ್ಪುತ್ತಾ ಬಂತು. ಈಗ ಆರು ವರ್ಷದಿಂದ, ಲಿಂಗವಿಟ್ಟು ಕೊರಳಿಗೆ ಹಾಕುವ ಕರಡಿಗೆ ಬೀರುವಿನಲ್ಲಿದೆ. ಬೆಂಗಳೂರಿನಲ್ಲಿ ಕೆಲಸ, ಸಂಜೆ 6ರಿಂದ ರಾತ್ರಿ 3ರವರೆಗೆ ಪಾಳಿ, ಐದು ವರ್ಷದ ಮಗ. ದೇವರು ದೊಡ್ಡವನು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ನನ್ನ ದಿನದಲ್ಲಿ ಅವನಿಗೆ ಜಾಗವೇ ಇಲ್ಲ. ನಡುವೆ ಒಂದೆರಡು ಸಲ ಪೂಜೆಗೆ ಕೂತೆ. ಹತ್ತು ನಿಮಿಷದಲ್ಲಿ ಕೈ ನೋವು, ಮನಸ್ಸು ಎಲ್ಲೆಲ್ಲೋ. ಮತ್ತೆ ಶುರು ಮಾಡಲು ಇನ್ನೊಮ್ಮೆ ದೀಕ್ಷೆ ಬೇಕೆ? ಯಾವಾಗ, ಎಷ್ಟು ಹೊತ್ತು, ಹೇಗೆ? ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕು? ‘ಲಿಂಗ ಮೊದಲು, ಉಳಿದದ್ದು ಆಮೇಲೆ’ ಎಂದು ಅಜ್ಜಿ ಹೇಳುತ್ತಿದ್ದರು. ಈ ಬದುಕಿನಲ್ಲಿ ಅದು ಆಗುವ ಮಾತೇ?

ಉತ್ತರ: ಅಜ್ಜಿಯ ಮಾತಿನಿಂದಲೇ ಹೊರಡೋಣ. ಲಿಂಗಾಯತ ಮನೆಗಳಲ್ಲಿ ‘ಲಿಂಗ ಮೊದಲು’ ಅನ್ನುವುದಕ್ಕೆ ಬಹಳ ಖಚಿತವಾದ ಅರ್ಥವಿತ್ತು: ಮೊದಲ ತುತ್ತಿಗಿಂತ ಮುಂಚೆ. ಹೊಲಕ್ಕೆ ಹೊರಟವರಾಗಲಿ, ರೊಟ್ಟಿ ಬಡಿಯಲು ಕೂರುವವರಾಗಲಿ, ಜಳಕ ಮಾಡಿ ಲಿಂಗಕ್ಕೆ ನೀರೆರೆದು ವಿಭೂತಿ ಧರಿಸಿದ ಮೇಲೆಯೇ ಬಾಯಿಗೆ ಏನಾದರೂ ಹಾಕುತ್ತಿದ್ದರು. ಎಷ್ಟು ಹೊತ್ತು ಕೂತೆವು ಎಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಮೊದಲು ಎನ್ನುವುದು ಸರದಿಯ ಮಾತು, ಅಳತೆಯ ಮಾತಲ್ಲ. ದಿನದ ಹೆಚ್ಚಿನ ಪಾಲು ದೇವರಿಗೆ ಕೊಡಬೇಕು ಎಂದು ಹೊರಟರೆ ನಿಮ್ಮ ಪಾಳಿ ಮತ್ತು ಮಗನ ಎದುರು ವಾರದೊಳಗೆ ಸೋಲುತ್ತೀರಿ. ಎದ್ದು, ಮಿಂದು, ತಿಂಡಿಗೆ ಕೂರುವ ಮುಂಚಿನ 15 ನಿಮಿಷ ಲಿಂಗದ್ದು ಎಂದು ಇಟ್ಟುಕೊಂಡರೆ ಅದನ್ನು ಕಿತ್ತುಕೊಳ್ಳುವ ಕೆಲಸ ಯಾವುದೂ ಇಲ್ಲ. ಹಸಿವಂತೂ ದಿನಾ ಆಗಿಯೇ ಆಗುತ್ತದೆ. ಪೂಜೆಯನ್ನು ಹಸಿವಿಗೆ ಗಂಟು ಹಾಕಿದರೆ ನೆನಪು ಮಾಡಲು ಮೊಬೈಲಿನ ಅಲಾರಾಂ ಬೇಕಾಗುವುದಿಲ್ಲ.

ಇನ್ನು ದೇವರ ದೊಡ್ಡತನದ ಮಾತು. ‘ಜಗದಗಲ ಮುಗಿಲಗಲ ಮಿಗೆಯಗಲ ನಿಮ್ಮಗಲ’ ಎಂದು ಶುರುವಾಗುವ ಬಸವಣ್ಣನವರ ವಚನ ನಿಮಗೆ ಬಾಯಿಗೆ ಬರುತ್ತಿರಬೇಕು. ಪಾತಾಳದಿಂದ ಅತ್ತತ್ತ ಪಾದ, ಬ್ರಹ್ಮಾಂಡದಿಂದ ಅತ್ತತ್ತ ಮುಕುಟ ಎಂದು ಹಿಗ್ಗಿಸುತ್ತಾ ಹೋಗಿ, ಕಡೆಗೆ ಅದೆಲ್ಲವೂ ತನ್ನ ಕರಸ್ಥಲಕ್ಕೆ, ಅಂದರೆ ಅಂಗೈಗೆ, ಬಂದು ‘ಚುಳುಕಾದಿರಯ್ಯಾ’ ಎನ್ನುತ್ತಾರೆ. ಚುಳುಕು ಅಂದರೆ ಕಿರಿದು, ಅಂಗೈಗೆ ಒದಗುವಷ್ಟು. ಸಭೆಗಳಲ್ಲಿ ಈ ವಚನವನ್ನು ಹಾಡಿ ಮುಗಿಸುವುದೇ ಹೆಚ್ಚು. ಪೂಜೆಗೆ ಕೂರುವವರಿಗೆ ಇದು ಮನಸ್ಸು ಹೋಗಬೇಕಾದ ದಾರಿಯನ್ನೇ ಹೇಳಿಕೊಡುತ್ತದೆ: ಮೊದಲು ಹಿಗ್ಗಿಸು, ಆಮೇಲೆ ಅಂಗೈಗೆ ತಾ. ದೊಡ್ಡತನವನ್ನು ದೊಡ್ಡದಾಗಿಯೇ ಬಿಟ್ಟರೆ ಅದು ಹಬ್ಬ ಹುಣ್ಣಿಮೆಗೆ ನೆನೆಯುವ ಸಂಗತಿಯಾಗುತ್ತದೆ. ನಿಮಗೆ ಆಗಿರುವುದೂ ಅದೇ. ದೇವರು ದೊಡ್ಡವನು ಎಂದು ಒಪ್ಪಿದ್ದೀರಿ, ದೊಡ್ಡವನಾದ್ದರಿಂದಲೇ ಅಲ್ಲೆಲ್ಲೋ ದೂರದಲ್ಲಿ ಇದ್ದಾನೆ.

ದೀಕ್ಷೆಯ ಪ್ರಶ್ನೆ. ಕೂಸಿಗೆ ಕಟ್ಟುವುದು ಲಿಂಗಧಾರಣೆ. ತಿಳಿವಳಿಕೆ ಬಂದ ಮೇಲೆ ಗುರು ಹಣೆಗೆ ವಿಭೂತಿ ಇಟ್ಟು, ಕಿವಿಯಲ್ಲಿ ಮಂತ್ರ ಹೇಳಿ, ಅಂಗೈಯಲ್ಲಿ ಲಿಂಗ ಇಡುವುದು ದೀಕ್ಷೆ. ನಿಮಗೆ ಎರಡೂ ಆಗಿದೆ. ಬಿಟ್ಟುಹೋದದ್ದು ಪೂಜೆಯೇ ಹೊರತು ದೀಕ್ಷೆಯಲ್ಲ. ಲಿಂಗ ನೆಟ್ಟಗಿದ್ದರೆ ಮತ್ತೆ ಧರಿಸಿ ಶುರು ಮಾಡಬಹುದು. ಮಂತ್ರ ಮರೆತಿದ್ದರೆ, ಅಥವಾ ಲಿಂಗ ಕೆಟ್ಟಿದ್ದರೆ ಮಾತ್ರ ನಿಮ್ಮ ಮನೆತನದ ಗುರುಗಳ ಬಳಿ ಹೋಗಿ. ಆರು ವರ್ಷ ಬಿಟ್ಟೆ ಎಂಬ ತಪ್ಪಿತಸ್ಥ ಭಾವ ಹೊತ್ತುಕೊಂಡು ‘ಮೊದಲು ಊರಿಗೆ ಹೋಗಿ ಎಲ್ಲ ಸರಿಮಾಡಿಕೊಂಡು ಆಮೇಲೆ’ ಎಂದು ಮುಂದೂಡಿದರೆ ಏಳನೇ ವರ್ಷವೂ ಬೀರುವಿನಲ್ಲೇ ಕಳೆಯುತ್ತದೆ. ಐವರು ಆಚಾರ್ಯರನ್ನು ಮೂಲವೆನ್ನುವ ಪಂಚಪೀಠಗಳ ಕ್ರಮಕ್ಕೂ, ಬಸವಾದಿ ಶರಣರನ್ನು ಅನುಸರಿಸುವ ವಿರಕ್ತ ಮಠಗಳ, ಬಸವತತ್ತ್ವದವರ ಕ್ರಮಕ್ಕೂ ಮಂತ್ರ ಮತ್ತು ವಿಧಿಯಲ್ಲಿ ಅಷ್ಟಿಷ್ಟು ವ್ಯತ್ಯಾಸವಿದೆ. ಹೆಚ್ಚಿನ ಕಡೆ ‘ಓಂ ನಮಃ ಶಿವಾಯ’ ಎಂಬ ಆರಕ್ಷರದ ಷಡಕ್ಷರಿ, ಬಸವತತ್ತ್ವದ ಕೆಲವರಲ್ಲಿ ‘ಓಂ ಶ್ರೀ ಗುರು ಬಸವಲಿಂಗಾಯ ನಮಃ’. ನಿಮ್ಮ ಕಿವಿಗೆ ಬಿದ್ದದ್ದು ಯಾವುದೋ ಅದನ್ನೇ ಹಿಡಿಯಿರಿ. ಯಾವುದು ಹೆಚ್ಚು ಎಂಬ ವಾದ ಸೋಷಿಯಲ್ ಮೀಡಿಯಾದಲ್ಲಿ ಮುಗಿಯುವುದಿಲ್ಲ. ನಿಮ್ಮ 15 ನಿಮಿಷ ಮಾತ್ರ ಅಲ್ಲಿ ಮುಗಿದುಹೋಗುತ್ತದೆ.

ಕರಡಿಗೆ ತೆಗೆದಾಗ ಮೊದಲು ನೋಡಬೇಕಾದದ್ದು ಲಿಂಗದ ಮೇಲಿನ ಕಪ್ಪು ಲೇಪ. ಒಳಗೆ ಪುಟ್ಟ ಕಲ್ಲಿನ ಲಿಂಗವಿರುತ್ತದೆ, ಅದನ್ನು ಮುಚ್ಚಿಕೊಂಡು ಭಸ್ಮ ಮತ್ತು ಎಣ್ಣೆಯಂಥವುಗಳನ್ನು ಅರೆದು ಮಾಡಿದ ಗಟ್ಟಿ ಲೇಪವಿರುತ್ತದೆ. ಆರು ವರ್ಷ ಮುಚ್ಚಿಟ್ಟದ್ದರಿಂದ ಮೇಲೆ ಬೂದು ಕಟ್ಟಿರಬಹುದು, ವಸ್ತ್ರ ಅಂಟಿರಬಹುದು. ಎಳೆಯಬೇಡಿ. ತಣ್ಣೀರಲ್ಲಿ ವಸ್ತ್ರ ನೆನೆಸಿ ಮೆಲ್ಲಗೆ ಬಿಡಿಸಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಸೋಪು, ಪಾತ್ರೆ ತೊಳೆಯುವ ಪುಡಿ, ಬಿಸಿನೀರು ಯಾವುದೂ ಬೇಡ; ಶಾಖಕ್ಕೆ ಲೇಪ ಸಡಿಲವಾಗಬಹುದು, ತಿಕ್ಕಿದರೆ ಹೊಳಪು ಹೋಗುತ್ತದೆ. ಹೊಳಪು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೆ ಸದ್ಯಕ್ಕೆ ನಡೆಯುತ್ತದೆ, ಊರಿಗೆ ಹೋದಾಗ ಗುರುಗಳಿಗೆ ತೋರಿಸಿ. ಲೇಪ ಚಕ್ಕೆಯೆದ್ದು ಕಲ್ಲು ಕಾಣುತ್ತಿದ್ದರೆ ನೀವೇ ಗೋಂದು ಹಚ್ಚಲು ಹೋಗಬೇಡಿ, ಹೊಸದನ್ನೇ ಪಡೆಯಿರಿ.

ಸಾಮಾನು ಬಹಳ ಬೇಡ. ಕೂರಲು ಒಂದು ಮಣೆ ಅಥವಾ ಮಡಚಿದ ಕಂಬಳಿ, ಒಂದು ಸಣ್ಣ ತಂಬಿಗೆ ಕುಡಿಯುವ ನೀರು, ಅಂಗೈ ಕೆಳಗಿಡಲು ಒಂದು ಬಟ್ಟಲು, ವಿಭೂತಿ, ಎರಡು ಲಿಂಗವಸ್ತ್ರ (ಒಂದು ಒಗೆದು ಒಣಗಿದ್ದು ಯಾವಾಗಲೂ ಇರಲಿ), ರುದ್ರಾಕ್ಷಿ, ಒಂದು ದೀಪ. ಬಿಲ್ವಪತ್ರೆಯೋ ತುಂಬೆ ಹೂವೋ ಸಿಕ್ಕಿದ ದಿನ ಸರಿ, ಸಿಗದ ದಿನ ಒಂದು ಎಲೆಗಾಗಿ ಮಾರುಕಟ್ಟೆ ಸುತ್ತುವುದು ಬೇಡ. ವಿಭೂತಿ ಮಾತ್ರ ನೋಡಿ ತನ್ನಿ. ಗೋಮಯ ಸುಟ್ಟ ಬೂದಿಯಿಂದ ಮಾಡಿದ್ದು ತುಸು ಬೂದುಬಣ್ಣಕ್ಕಿರುತ್ತದೆ, ಬೆರಳಲ್ಲಿ ಉಜ್ಜಿದರೆ ಹಿಟ್ಟಿನಷ್ಟು ನುಣ್ಣಗೆ. ಸೀಮೆಸುಣ್ಣದ ಹಾಗೆ ಹಾಲುಬಿಳುಪಾಗಿ, ಅಗ್ಗಕ್ಕೆ ಸಿಗುವ ಗಟ್ಟಿಯಲ್ಲಿ ಸುಣ್ಣದ ಪುಡಿ ಬೆರೆತಿರುವುದುಂಟು. ಅದು ಹಣೆಯಲ್ಲಿ ತುರಿಕೆ ತರುತ್ತದೆ, ತರಿತರಿಯಾಗಿದ್ದರೆ ಲಿಂಗದ ಮೇಲೂ ಗೀರು ಬೀಳುತ್ತದೆ.

ಹೊತ್ತು. ತ್ರಿಕಾಲ ಪೂಜೆ ಎಂದು ಕೇಳಿರುತ್ತೀರಿ: ಬೆಳಗ್ಗೆ, ಮಧ್ಯಾಹ್ನ, ಸಂಜೆ. ನಿಮ್ಮ ಪಾಳಿಯವರಿಗೆ ಬೆಳಗು ಅಂದರೆ ಎದ್ದ ಹೊತ್ತು. ರಾತ್ರಿ 3ಕ್ಕೆ ಕೆಲಸ ಮುಗಿಸಿ 4ಕ್ಕೆ ಮಲಗಿ 10:30ಕ್ಕೆ ಏಳುವವರು ಬ್ರಾಹ್ಮೀ ಮುಹೂರ್ತದಲ್ಲಿ ಕೂರುತ್ತೇನೆ ಎಂದು ಹಠ ಹಿಡಿದರೆ ಎರಡು ದಿನ ತೂಕಡಿಸಿ ಮೂರನೇ ದಿನ ಬಿಡುತ್ತಾರೆ. ಎದ್ದು, ಜಳಕ ಮಾಡಿ, 11 ಗಂಟೆಗೆ ಕೂತರೆ ಅದೇ ನಿಮ್ಮ ಮುಂಜಾನೆ. ಉಳಿದೆರಡನ್ನು ಚಿಕ್ಕದು ಮಾಡಿಕೊಳ್ಳಿ. ಸಂಜೆ ಲಾಗಿನ್ ಆಗುವ ಮುಂಚೆ ಲಿಂಗದ ಮೇಲೆ ಕೈಯಿಟ್ಟು ಹನ್ನೊಂದು ಸಲ ಮಂತ್ರ, ಮಲಗುವ ಮುಂಚೆ ಮತ್ತೆ ಹನ್ನೊಂದು. ಒಂದೊಂದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ಈಗ ಕೂರುವ ಕ್ರಮ. ಮುಖ ಪೂರ್ವಕ್ಕೋ ಉತ್ತರಕ್ಕೋ ಇರುವುದು ರೂಢಿ. ಬಾಡಿಗೆ ಮನೆಯಲ್ಲಿ ಆ ಕಡೆ ಗೋಡೆಗೆ ಬೀರು ನಿಂತಿದ್ದರೆ ಬೆಳಕು ಚೆನ್ನಾಗಿರುವ ಕಡೆ ಕೂರಿ. ಎಡ ಅಂಗೈಯಲ್ಲಿ ಚಿಟಿಕೆ ವಿಭೂತಿಗೆ ಎರಡು ಹನಿ ನೀರು ಬಿಟ್ಟು ಬಲಗೈಯಿಂದ ಉಜ್ಜಿ, ತೋರು, ನಡು, ಉಂಗುರ ಬೆರಳುಗಳಿಂದ ಹಣೆಗೆ ಮೂರು ಗೆರೆ ಎಳೆಯಿರಿ. ಹಸಿಯಾಗಿದ್ದಾಗ ಗೆರೆ ಕಾಣುವುದಿಲ್ಲ ಎಂದು ಮತ್ತೆ ಮತ್ತೆ ಬಳಿಯಬೇಡಿ, ಒಣಗಿದ ಮೇಲೆ ತಾನೇ ಬೆಳ್ಳಗೆ ಮೂಡುತ್ತದೆ. ರುದ್ರಾಕ್ಷಿ ಹಾಕಿಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯ ನಡುವೆ ಇಡಿ. ಬೆರಳು ಸ್ವಲ್ಪ ಒಳಗೆ ಮಡಿಚಿ ಬಟ್ಟಲಿನಂತೆ ಮಾಡಿದರೆ ಜಾರುವುದಿಲ್ಲ.

ಮಜ್ಜನಕ್ಕೆ, ಅಂದರೆ ಲಿಂಗದ ಸ್ನಾನಕ್ಕೆ, ನೀರು ಚಮಚದಿಂದ, ಮೂರು ಸಲ ಸಾಕು. ತಂಬಿಗೆ ಎತ್ತಿ ಸುರಿಯುವ ಅಗತ್ಯವಿಲ್ಲ. ನೀರು ಬೆರಳ ಸಂದಿಯಿಂದ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ಅದನ್ನು ತೀರ್ಥವೆಂದು ತೆಗೆದುಕೊಳ್ಳುವ ಮನೆತನವಾದರೆ ಈ ಮೊದಲ ನೀರನ್ನೇ, ವಿಭೂತಿ ಗಂಧ ಸೇರುವ ಮುಂಚೆ, ಒಂದು ಚಮಚ ಎತ್ತಿಟ್ಟುಕೊಳ್ಳಿ. ಹಾಲು, ಜೇನು, ತುಪ್ಪದ ಅಭಿಷೇಕ ದಿನಾ ಬೇಡ. ಜಿಡ್ಡು ಲೇಪದ ಮೇಲೆ ಕೂತು ಧೂಳು ಹಿಡಿಯುತ್ತದೆ. ಒಣಬಟ್ಟೆಯಿಂದ ಒತ್ತಿ ನೀರು ತೆಗೆದು, ವಿಭೂತಿಯನ್ನು ಲಿಂಗದ ಮೇಲೆ ತೆಳ್ಳಗೆ ಹಚ್ಚಿ, ಹೂವಿದ್ದರೆ ಹೂವೇರಿಸಿ, ದೀಪ ಬೆಳಗಿ. ಇಷ್ಟಕ್ಕೆ ಐದು ನಿಮಿಷ. ಅನೇಕರ ಪೂಜೆ ಇಲ್ಲಿಗೇ ಮುಗಿದುಬಿಡುತ್ತದೆ, ಅವರಿಗೆ ಬೇಸರ ಬರುವುದೂ ಅದಕ್ಕೇ. ಇದುವರೆಗಿನದು ಅಡುಗೆಗೆ ಒಲೆ ಹಚ್ಚಿದ ಹಾಗೆ. ಅಡುಗೆ ಇನ್ನು ಮೇಲೆ.

ಹೂವು ಇಳಿಸಿ, ಹಚ್ಚಿದ ವಿಭೂತಿಯನ್ನು ಮುಂಭಾಗದಲ್ಲಿ ಬೆರಳಿಂದ ಸವರಿ ತೆಗೆದು, ಕಪ್ಪು ಹೊಳಪು ಕಾಣುವಂತೆ ಮಾಡಿಕೊಳ್ಳಿ. ದೀಪ ನಿಮ್ಮ ಬೆನ್ನ ಹಿಂದೆ, ಭುಜಕ್ಕಿಂತ ಸ್ವಲ್ಪ ಮೇಲೆ ಇರಬೇಕು. ಆಗ ಲಿಂಗದ ಮೈಮೇಲೆ ಸಾಸಿವೆ ಕಾಳಿನಷ್ಟು ಒಂದು ಬೆಳಕಿನ ಚುಕ್ಕಿ ಮೂಡುತ್ತದೆ. ದೃಷ್ಟಿ ನಿಲ್ಲಬೇಕಾದದ್ದು ಆ ಚುಕ್ಕಿಯಲ್ಲಿ. ದೀಪವನ್ನು ಎದುರಿಗೆ ಇಟ್ಟರೆ ಕಣ್ಣು ಉರಿಯ ಕಡೆಗೆ ಓಡುತ್ತದೆ, ಚುಕ್ಕಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ನೀವು 11 ಗಂಟೆಗೆ ಕೂರುವವರಾದ್ದರಿಂದ ದೀಪವೂ ಬೇಡ, ಕಿಟಕಿಯ ಬೆಳಕೇ ಸಾಕು. ಹಾಗಾದರೆ ಆ ಸಾಸಿವೆಯಷ್ಟು ಚುಕ್ಕಿ ಸೂರ್ಯನಿಂದ ಹೊರಟು ಸುಮಾರು 8 ನಿಮಿಷ 20 ಸೆಕೆಂಡು, ಹದಿನೈದು ಕೋಟಿ ಕಿಲೋಮೀಟರು ದಾಟಿ ನಿಮ್ಮ ಅಂಗೈಗೆ ಬಂದದ್ದು. ಹೊಳೆ, ಹೊಲ, ಬೆಂಗಳೂರಿನ ಟ್ರಾಫಿಕ್ಕು ಎಲ್ಲದರ ಮೇಲೆ ಬಿದ್ದ ಅದೇ ಬೆಳಕು. ಜಗದಗಲ ಮುಗಿಲಗಲ ಎಂದು ಹಿಗ್ಗಿಸಲು ಕಲ್ಪನೆಯನ್ನು ಹಿಂಡಬೇಕಿಲ್ಲ, ಈ ಚುಕ್ಕಿಯ ಹಿಂದೆ ಹೋದರೆ ಸಾಕು. ಒಂದು ನಿಮಿಷ ಹಾಗೆ ಹೋಗಿ: ಅಂಗೈ, ಕೋಣೆ, ಊರು, ನೆಲ, ಸೂರ್ಯ, ಅದರಾಚೆಯ ಮುಗಿಲು, ಮುಗಿಲಿಗೂ ಮಿಗಿಲಾದದ್ದು. ಆಮೇಲೆ ಅದೇ ದಾರಿಯಲ್ಲಿ ಅಂಗೈಗೆ ವಾಪಸು. ಚುಳುಕಾಗುವುದು ಎಂದರೇನು ಎಂದು ಪ್ರವಚನಕ್ಕಿಂತ ಬೇಗ ಈ ಒಂದು ನಿಮಿಷ ತಿಳಿಸುತ್ತದೆ.

ಅಲ್ಲಿಂದ ಮಂತ್ರ. ರುದ್ರಾಕ್ಷಿ ಮಾಲೆಯ 108 ಮಣಿಗೆ, ಮಣಿಗೆ ಮೂರು ಸೆಕೆಂಡಿನಂತೆ ಐದೂವರೆ ನಿಮಿಷ. ಉಸಿರಿನ ಜೊತೆ ಹೋಗಲಿ, ಓಡಬೇಡಿ. ಒಂದೂವರೆ ನಿಮಿಷದಲ್ಲಿ 108 ಮುಗಿಸಿದರೆ ಅದು ಮಣಿ ಎಣಿಸಿದ್ದು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಮಾಲೆ, ಕಣ್ಣು ಚುಕ್ಕಿಯಲ್ಲಿ, ನಾಲಿಗೆ ಅಲುಗದಂತೆ ಮಂತ್ರ. ಮುಗಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂರಿ. ನೋಡಿದ ಚುಕ್ಕಿಯ ನೆರಳು ಒಳಗೆ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹೊರಗಿನ ಇಷ್ಟಲಿಂಗದಿಂದ ಒಳಗಿನ ಪ್ರಾಣಲಿಂಗದ ಕಡೆ ಹೋಗುವ ಹಾದಿ ಎಂದು ಶರಣರು ಹೇಳಿದ್ದು ಬಹಳ ದೊಡ್ಡ ಮಾತು, ಮೊದಲ ತಿಂಗಳಲ್ಲಿ ಅದರ ಯೋಚನೆ ಬೇಡ. ಲಿಂಗವನ್ನು ಪೂರ್ತಿ ಒಣಗಿಸಿ ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಇಡಿ. ಹಸಿಯಾಗಿ ಸುತ್ತಿಟ್ಟರೆ ನಾಲ್ಕು ದಿನಕ್ಕೆ ವಸ್ತ್ರ ಮುಗ್ಗುಲು ವಾಸನೆ ಹೊಡೆಯುತ್ತದೆ, ಲೇಪವೂ ಮಂಕಾಗುತ್ತದೆ.

ನಿಮ್ಮ ಕೈನೋವಿಗೆ ಕಾರಣ ಊಹಿಸುವುದು ಕಷ್ಟವಲ್ಲ. ಮೊಳಕೈಗೆ ಆಸರೆಯಿಲ್ಲದೆ ಅಂಗೈಯನ್ನು ಗಾಳಿಯಲ್ಲಿ ಹಿಡಿದಿದ್ದೀರಿ. ಎಡ ಮೊಳಕೈಯನ್ನು ಪಕ್ಕೆಗೆ ಒತ್ತಿ ಅಥವಾ ತೊಡೆಯ ಮೇಲೆ ಒಂದು ದಿಂಬಿಟ್ಟು ಅದಕ್ಕೆ ಊರಿ. ಅಂಗೈ ಎದೆಯ ಮಟ್ಟದಲ್ಲಿ, ಕಣ್ಣಿನಿಂದ ಒಂದೂವರೆ ಗೇಣು ದೂರ ಬರುವಂತೆ ಇರಲಿ. ಕತ್ತು ಬಗ್ಗಿಸಬೇಡಿ, ಕಣ್ಣು ಮಾತ್ರ ತಗ್ಗಿಸಿ. ದೃಷ್ಟಿಯಿಡುವುದು ಎಂದರೆ ಎವೆ ಮಿಟುಕಿಸದೆ ದುರುಗುಟ್ಟುವುದಲ್ಲ. ಕಣ್ಣಲ್ಲಿ ನೀರು ಬಂದರೆ ಮಿಟುಕಿಸಿ, ಅದರಿಂದ ಏನೂ ಕೆಡುವುದಿಲ್ಲ. ಇಡೀ ರಾತ್ರಿ ಕಂಪ್ಯೂಟರ್ ಪರದೆ ನೋಡಿ ದಣಿದ ಕಣ್ಣು ನಿಮ್ಮದು, ಮೊದಲ ವಾರ ಎರಡೇ ನಿಮಿಷ ನೋಡಿ ಉಳಿದದ್ದನ್ನು ಕಣ್ಣುಮುಚ್ಚಿ ಮಾಡಿ. ಕನ್ನಡಕ ಇದ್ದರೆ ತೆಗೆಯಬೇಡಿ. ನಲವತ್ತು ದಾಟಿದವರಿಗೆ ಓದುವ ಕನ್ನಡಕ ಹಾಕದಿದ್ದರೆ ಚುಕ್ಕಿ ಮಸುಕಾಗಿ ಎರಡಾಗಿ ಕಾಣುತ್ತದೆ. ಅದನ್ನು ಅನುಭವವೆಂದು ತಿಳಿದವರೂ ಇದ್ದಾರೆ. ಕಣ್ಣಿನ ಶಸ್ತ್ರಕ್ರಿಯೆ ಆದವರು, ಗ್ಲಾಕೋಮಾ ಇರುವವರು ಡಾಕ್ಟರನ್ನು ಕೇಳದೆ ದೃಷ್ಟಿ ನೆಡುವ ಅಭ್ಯಾಸಕ್ಕೆ ಹೋಗಬಾರದು, ಬರಿಯ ಜಪ ಸಾಕು.

ಮನಸ್ಸು ಎಲ್ಲೆಲ್ಲೋ ಹೋಗುವುದು ದೋಷವೆಂದು ತಿಳಿಯಬೇಡಿ. ಕೊಂಬೆಯ ಮೇಲಿನ ಮಂಗನಂತೆ ನನ್ನ ಮನಸ್ಸು ಹಾರುತ್ತದೆ, ನಿಂತಲ್ಲಿ ನಿಲ್ಲಗೊಡುವುದಿಲ್ಲ ಎಂದು ಬಸವಣ್ಣನವರೇ ಗೋಳಾಡಿಕೊಂಡಿದ್ದಾರೆ. ಹೋದದ್ದು ಗೊತ್ತಾದ ಕೂಡಲೇ ಕಣ್ಣನ್ನು ಚುಕ್ಕಿಗೆ ತನ್ನಿ. ಮಣಿ ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಸಿ, ಶಿಕ್ಷೆಯೆಂದು ಮತ್ತೆ ಒಂದರಿಂದ ಎಣಿಸಬೇಡಿ. ಹಾಗೆ ಮಾಡಿದರೆ 15 ನಿಮಿಷ 40 ಆಗುತ್ತದೆ, ನಾಳೆ ಕೂರಲು ಭಯವಾಗುತ್ತದೆ. ಪೂಜೆ ಬಿಟ್ಟುಹೋಗುವುದು ಸಾಮಾನ್ಯವಾಗಿ ಕಡಿಮೆ ಮಾಡಿದವರಿಂದಲ್ಲ, ಹುರುಪಿನಲ್ಲಿ ಹೆಚ್ಚಿಸಿಕೊಂಡವರಿಂದ. ಶ್ರಾವಣದಲ್ಲಿ ಒಂದು ಗಂಟೆ ಕೂತವರು ಭಾದ್ರಪದದಲ್ಲಿ ಐದು ನಿಮಿಷವೂ ಕೂರುವುದಿಲ್ಲ. ಮೂರು ತಿಂಗಳು 15 ನಿಮಿಷವನ್ನು ಹೆಚ್ಚಿಸಲೇಬೇಡಿ. ಮಗನಿಗೆ ಜ್ವರ ಬಂದ ದಿನ ಮೂರು ಚಮಚ ನೀರು, ಹನ್ನೊಂದು ಮಂತ್ರ, ಎರಡು ನಿಮಿಷ. ಆದರೆ ತಿಂಡಿಗೆ ಮುಂಚೆಯೇ. ಸರದಿ ತಪ್ಪಬಾರದು, ಅಳತೆ ತಗ್ಗಬಹುದು.

ಮುಟ್ಟಿನ ದಿನಗಳಲ್ಲಿ ಪೂಜೆ ನಿಲ್ಲಿಸಬೇಕಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದೂ ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಶರಣರು 12ನೇ ಶತಮಾನದಲ್ಲೇ ತಳ್ಳಿಹಾಕಿದರು. ಲಿಂಗ ಮೈಮೇಲೆ ಯಾವಾಗಲೂ ಇರಬೇಕು ಎಂದಾದ ಮೇಲೆ ತಿಂಗಳಿಗೆ ನಾಲ್ಕು ದಿನ ತೆಗೆದಿಡು ಎನ್ನುವುದಕ್ಕೆ ಅರ್ಥವೇ ಇಲ್ಲ. ಅತ್ತೆಯ ಮನೆಯಲ್ಲಿ ಬೇರೆ ರೂಢಿ ಬಂದಿದ್ದರೆ ಜಗಳ ತೆಗೆಯದೆ ನಿಮ್ಮ ಕೋಣೆಯಲ್ಲಿ ನಿಮ್ಮ ಪೂಜೆ ಮಾಡಿಕೊಳ್ಳಿ. ದೇವರಮನೆ ಬೇಕೇಬೇಕು ಎನ್ನದ ಪೂಜೆ ಇದು, ಇದರ ಸೊಗಸೇ ಅದು.

ಇದು 15 ನಿಮಿಷದ ಲೆಕ್ಕ. ಉಳಿದ 23 ಮುಕ್ಕಾಲು ಗಂಟೆಯಲ್ಲಿ ಲಿಂಗ ಮೊದಲಾಗುವುದು ಅರ್ಪಣೆಯಿಂದ. ಉಣ್ಣುವ ಮುಂಚೆ ತಟ್ಟೆಯನ್ನು ಲಿಂಗಕ್ಕೆ ತೋರಿಸಿ, ಮನಸ್ಸಿನಲ್ಲೇ ಅರ್ಪಿಸಿ, ಪ್ರಸಾದವೆಂದು ಉಣ್ಣುವುದು. ಎರಡು ಸೆಕೆಂಡಿನ ಕೆಲಸ, ಆಫೀಸಿನ ಕ್ಯಾಂಟೀನಿನಲ್ಲಿ ಪಕ್ಕದವರಿಗೂ ಗೊತ್ತಾಗುವುದಿಲ್ಲ, ಕೈ ಎದೆಯ ಮೇಲೆ ಹೋದರೆ ಸಾಕು. ಪ್ರಸಾದವೆಂದ ಮೇಲೆ ತಟ್ಟೆಯಲ್ಲಿ ಬಿಡುವ ಹಾಗಿಲ್ಲ, ಹೀಗಾಗಿ ಬಡಿಸಿಕೊಳ್ಳುವಾಗಲೇ ಕೈ ಹಿಡಿತಕ್ಕೆ ಬರುತ್ತದೆ. ಆಮೇಲೆ ಈ ಅಭ್ಯಾಸ ಊಟ ದಾಟಿ ಹರಡುತ್ತದೆ. ಕೈಗೆ ಬಂದ ಯಾವುದನ್ನು ಲಿಂಗಕ್ಕೆ ತೋರಿಸಲು ನಾಚಿಕೆಯಾಗುತ್ತದೋ ಅದನ್ನು ಒಳಗೆ ಬಿಟ್ಟುಕೊಳ್ಳುವುದು ಕಷ್ಟವಾಗುತ್ತಾ ಹೋಗುತ್ತದೆ: ಸುಳ್ಳು ಬಿಲ್ಲಿನ ಹಣ, ಬೇರೆಯವರು ಮಾಡಿದ ಕೆಲಸಕ್ಕೆ ತನ್ನ ಹೆಸರು.

ಇಲ್ಲಿ ಒಂದು ಮಾತಿನ ಬಗ್ಗೆ ಎಚ್ಚರವಿರಲಿ. ‘ಕಾಯಕವೇ ಕೈಲಾಸ’ ಎಂದು ಹೇಳಿ ಪೂಜೆ ಬಿಟ್ಟವರು ನಮ್ಮಲ್ಲಿ ಬಹಳ. ಆಫೀಸು ಗೋಡೆಗಳ ಮೇಲೆ ಬಸವಣ್ಣನವರ ಹೆಸರು ಹಾಕಿ ಬರೆಸುವ ಈ ಮಾತು ಸಿಗುವುದು ಶರಣ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾಗಿದ್ದಾಗ ಗುರುದರ್ಶನವನ್ನೂ, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರು ನಿಂತರೂ ಹಂಗು ಹರಿಯಬೇಕು ಎಂದು ಅವನು ಹೇಳಿದ್ದು ನಿಜ. ಆದರೆ ಮಾರಯ್ಯನ ಕಾಯಕ ಯಾವುದು? ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅಡುಗೆಗೆ ಇಡಲಿಲ್ಲ. ಆಸೆ ಎನ್ನುವುದು ಅರಸನಿಗಲ್ಲದೆ ಶಿವಭಕ್ತರಿಗೆ ಉಂಟೆ ಎಂದು ಕೇಳಿ, ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬಾ ಎಂದು ಕಳಿಸಿದಳು. ಮರೆಯಬಹುದಾದಷ್ಟು ಶುದ್ಧವಾದ ಕಾಯಕ ಅಂದರೆ ಅದು. ರಾತ್ರಿ 3ರ ಪಾಳಿಯ ಮೇಲೆ ಮತ್ತೆರಡು ತಾಸು ದುಡಿದು ಅದನ್ನೇ ಕೈಲಾಸವೆಂದರೆ ಲಕ್ಕಮ್ಮ ಕೇಳುವ ಪ್ರಶ್ನೆಗೆ ಉತ್ತರ ಇರಬೇಕು: ಇದು ಯಾರಿಗೆ, ಎಷ್ಟಕ್ಕೆ?

ಆ ಪ್ರಶ್ನೆಗೆ ಮನೆಯಲ್ಲೇ ಉತ್ತರ ಕೊಡುವ ಹಳೆಯ ದಾರಿ ದಾಸೋಹ. ಸಂಬಳ ಬಂದ ದಿನವೇ, ಇಎಂಐ ಹೋಗುವ ಮುಂಚೆ, ಒಂದು ಪಾಲು ಬೇರೆ ತೆಗೆಯಿರಿ. ನೂರಕ್ಕೆ ಎರಡೋ ಐದೋ, ಅದು ನಿಮ್ಮಿಷ್ಟ. ಇಲ್ಲೂ ಸರದಿಯೇ ಮುಖ್ಯ, ತಿಂಗಳ ಕೊನೆಗೆ ಉಳಿದದ್ದನ್ನು ಕೊಡುತ್ತೇನೆ ಎಂದರೆ ಉಳಿಯುವುದಿಲ್ಲ. ಮಠದ ಪ್ರಸಾದನಿಲಯಕ್ಕಾಗಲಿ, ನಿಮ್ಮ ಕಟ್ಟಡದ ಕಾವಲುಗಾರನ ಮಗಳ ಶಾಲೆಯ ಫೀಜಿಗಾಗಲಿ ಹೋಗಲಿ. ಕೊಟ್ಟದ್ದನ್ನು ಹೇಳಿಕೊಂಡು ತಿರುಗಬಾರದು, ಅಷ್ಟೇ.

ರಾತ್ರಿ ಮಲಗುವ ಮುಂಚಿನ ಹನ್ನೊಂದು ಮಂತ್ರದ ಜೊತೆಗೆ ‘ಕಳಬೇಡ ಕೊಲಬೇಡ’ ವಚನವನ್ನು ಸೇರಿಸಿಕೊಳ್ಳಿ. ಶಾಲೆಯಲ್ಲಿ ಪದ್ಯದಂತೆ ಕಲಿತದ್ದು. ಅದರಲ್ಲಿರುವ ಏಳು ಬೇಡಗಳನ್ನು ಆ ದಿನಕ್ಕೆ ಒಂದೊಂದಾಗಿ ಹಚ್ಚಿ ನೋಡಿ. ಕದ್ದದ್ದು, ಕೊಂದದ್ದು ಬೇಗ ದಾಟಿಹೋಗುತ್ತವೆ. ಹುಸಿ ನುಡಿದದ್ದು, ಮುನಿದದ್ದು, ಅನ್ಯರಿಗೆ ಅಸಹ್ಯಪಟ್ಟದ್ದು, ತನ್ನ ಬಣ್ಣಿಸಿಕೊಂಡದ್ದು, ಇದಿರ ಹಳಿದದ್ದು, ಈ ಐದರ ಹತ್ತಿರ ನಿಲ್ಲಬೇಕಾಗುತ್ತದೆ. ಟೀಮಿನವರ ಬಗ್ಗೆ ಊಟದ ಹೊತ್ತಿನಲ್ಲಿ ಆಡಿದ ಮಾತು ಕೊನೆಯದಕ್ಕೆ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ವಾರಕ್ಕೊಂದು ಹಿಡಿದರೆ ಏಳು ವಾರ.

ಮಗ ಪೂಜೆಯ ನಡುವೆ ಬೆನ್ನೇರುತ್ತಾನೆ. ಬೈದು ಓಡಿಸಿದರೆ ಅವನ ತಲೆಯಲ್ಲಿ ಲಿಂಗ ಅಂದರೆ ಅಮ್ಮ ಬೈಯುವ ಹೊತ್ತು ಎಂದು ಉಳಿದುಬಿಡುತ್ತದೆ. ಹೂವು ಕೊಡುವ ಕೆಲಸ ಅವನಿಗೆ ಕೊಡಿ, ಮೂರು ಚಮಚ ನೀರಿನಲ್ಲಿ ಒಂದು ಅವನದಾಗಲಿ. ಕೂರು ಎಂದು ಒತ್ತಾಯ ಬೇಡ.

ಲಿಂಗ ಬಿದ್ದುಬಿಟ್ಟರೆ, ಕಳೆದುಹೋದರೆ ಎಂಬ ಭಯಕ್ಕೇ ಎಷ್ಟೋ ಜನ ಅದನ್ನು ಬೀರುವಿನಲ್ಲಿಡುತ್ತಾರೆ. ಶರಣ ನುಲಿಯ ಚಂದಯ್ಯನ ಪ್ರಸಂಗ ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿದೆ: ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಲಿಂಗ ನೀರಿಗೆ ಜಾರಿತು. ದಾಸೋಹಕ್ಕೆ ಹೊತ್ತಾಗುತ್ತದೆಂದು ಅವನು ತಿರುಗಿಯೂ ನೋಡದೆ ನಡೆದ, ಲಿಂಗವೇ ಅವನ ಹಿಂದೆ ಬಂತು. ಅಷ್ಟು ಧೈರ್ಯ ನಮಗೆ ಬೇಡ, ಆದರೆ ಬಿದ್ದ ಮಾತ್ರಕ್ಕೆ ಕೇಡು ಕಾದಿದೆ ಎಂಬ ಅಂಜಿಕೆಯೂ ಬೇಡ. ಬಿದ್ದರೆ ಎತ್ತಿ ತೊಳೆದು ಧರಿಸಿ. ಒಡೆದರೆ, ಕಳೆದರೆ ಗುರುಗಳಿಂದ ಇನ್ನೊಂದು ಪಡೆಯಿರಿ. ಎಂಆರ್‌ಐ ಸ್ಕ್ಯಾನಿಗೆ, ಆಪರೇಷನ್ನಿಗೆ ಲೋಹದ ಕರಡಿಗೆ ತೆಗೆಯಲೇಬೇಕು. ಜೊತೆಗಿರುವ ಮನೆಯವರ ಕೊರಳಿಗೆ ಹಾಕಿ ಹೋಗಿ, ಆಸ್ಪತ್ರೆಯ ಮೇಜಿನ ಡ್ರಾಯರಿನಲ್ಲಿ ಬಿಡಬೇಡಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆಯಿರಿ ಎಂದರೆ ವಸ್ತ್ರದಲ್ಲಿ ಸುತ್ತಿ ತಟ್ಟೆಗೆ ಇಟ್ಟು, ಆಚೆ ಬದಿಗೆ ಮೊದಲು ಅದನ್ನೇ ಎತ್ತಿಕೊಳ್ಳಿ.

ಲಿಂಗ ಬೀಳುವುದು ಹೆಚ್ಚಾಗಿ ಕರಡಿಗೆಯನ್ನು ಕೊರಳಿಗೆ ಕಟ್ಟುವ ಶಿವದಾರ ಸವೆದಾಗ. ಕರಡಿಗೆಯ ಕೊಂಡಿಗೆ ದಾರ ಉಜ್ಜುವ ಜಾಗದಲ್ಲಿ ಎಳೆಗಳು ಒಂದೊಂದಾಗಿ ಕಡಿಯುತ್ತವೆ, ಬೆವರಿಗೆ ಬಿರುಸಾಗುತ್ತವೆ. ಆರು ವರ್ಷ ಹಳೆಯ ದಾರವನ್ನು ನಂಬಬೇಡಿ, ಎಳೆದು ನೋಡಿ ಗಟ್ಟಿ ಇದೆ ಅನ್ನಿಸಿದರೂ ಬದಲಿಸಿ. ಹೊಸದು ಹತ್ತಿಯದ್ದೇ ಇರಲಿ, ನೈಲಾನಿನ ಗಂಟು ಜಾರುತ್ತದೆ. ಕೊಂಡಿಯ ಹತ್ತಿರ ಎರಡು ಸುತ್ತು ಹಾಕಿ ಕಟ್ಟಿ, ಕರಡಿಗೆ ಎದೆಯ ನಡುವೆ ಬರುವಂತೆ ಉದ್ದ ಇಟ್ಟುಕೊಳ್ಳಿ. ಹೊಕ್ಕುಳಿಗಿಂತ ಕೆಳಗೆ ಇಳಿಯಬಾರದು. ಕರಡಿಗೆಯ ಮುಚ್ಚಳ ಸಡಿಲವಾಗಿದ್ದರೆ ಅಕ್ಕಸಾಲಿಗರ ಹತ್ತಿರ ಬಿಗಿ ಮಾಡಿಸಿ. ಅಲ್ಲಿಯವರೆಗೆ ಲಿಂಗವಸ್ತ್ರದಲ್ಲೇ ಕಟ್ಟಿ ಕೊರಳಿಗೆ ಹಾಕಿಕೊಂಡರೆ ಆಯಿತು.